ಮೂರು ಪಿನ್ನಿನ ದೀಪ

ಕಳ್ಳನನ್ನು ಹಿಡಿಯುವ ಉಪಾಯವನ್ನು ಸಭೆಗೆ ಸೂಚಿಸಿದವನು ನಾನೇ. ಅದನ್ನು ಯಾರೂ ನನ್ನಿಂದ ಬಲವಂತವಾಗಿ ಹೇಳಿಸಲಿಲ್ಲ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಚಪ್ಪಾಳೆ ಬೀಳುವುದಕ್ಕೆ ಅಲ್ಲಲ್ಲಿ ಜಾಗ ಬಿಟ್ಟು ಹೇಳಿದೆ.

ವಿಷಯ ಇಷ್ಟೆ. ನಮ್ಮ ಕಟ್ಟಡದ ಮೆಟ್ಟಿಲ ಬಲ್ಬುಗಳು ಮಾಯವಾಗುತ್ತಿದ್ದವು. ಮೊದಲು ಮಾಮೂಲಿ ಬಲ್ಬು ಹಾಕಿದ್ದರು. ಸಂಜೆ ಇದ್ದದ್ದು ಬೆಳಿಗ್ಗೆ ಇರುತ್ತಿರಲಿಲ್ಲ. ಆಗ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಒಂದು ತಂತ್ರ ಹೂಡಿದರು. ಅವರು ನಿವೃತ್ತ ಜೈಲು ಅಧಿಕಾರಿ. ಪ್ರಪಂಚದಲ್ಲಿ ಇರುವುದು ಎರಡೇ ಬಗೆಯ ಜನ, ಸಿಕ್ಕಿಬಿದ್ದವರು ಮತ್ತು ಇನ್ನೂ ಸಿಕ್ಕಿಬೀಳದವರು, ಎಂದು ನಂಬಿದವರು. ಮೆಟ್ಟಿಲ ಹೋಲ್ಡರುಗಳನ್ನೆಲ್ಲ ಕಿತ್ತು ಮೂರು ಪಿನ್ನಿನ ಹೋಲ್ಡರು ಹಾಕಿಸಿದರು. ಮನೆಗಳಲ್ಲಿ ಹಾಕುವ ಬಲ್ಬಿನ ಕುತ್ತಿಗೆಗೆ ಎರಡು ಪಿನ್ನು. ಇದಕ್ಕೆ ಮೂರು. ಮನೆಯದು ಇಲ್ಲಿಗೆ ಕೂರುವುದಿಲ್ಲ, ಇಲ್ಲಿಯದು ಮನೆಗೆ ಕೂರುವುದಿಲ್ಲ. ಅದರಲ್ಲೂ ವಿದ್ಯುತ್ ಉಳಿಸುವ ಎಲ್‌ಇಡಿ ಬಲ್ಬೇ ಆಗಬೇಕೆಂದು ಊರೆಲ್ಲ ಸುತ್ತಿ, ಸಿಗದೆ, ಎಲ್ಲೋ ದೂರದ ಕಾರ್ಖಾನೆಯೊಂದನ್ನು ಕಾಡಿಬೇಡಿ ತರಿಸಿದ್ದರು.

"ಕದ್ದರೂ ಉಪಯೋಗಕ್ಕೆ ಬಾರದ ಬಲ್ಬು ಇದು. ಈಗ ಕದೀಲಿ ನೋಡೋಣ" ಎಂದರು.

ಕಳ್ಳ ಅದನ್ನು ಆಹ್ವಾನ ಎಂದು ತಿಳಿದುಕೊಂಡಿರಬೇಕು. ಅದೇ ವಾರ ಎರಡನೇ ಮಹಡಿಯದು ಹೋಯಿತು. ಹಿಂದೆಯೇ ನಮ್ಮ ಮೂರನೇ ಮಹಡಿಯದು. ಆಮೇಲೆ ನೆಲಮಹಡಿಯದೂ ಹೋಗಿ, ಅಲ್ಲಿ ದವಾಖಾನೆ ಇಟ್ಟಿರುವ ಹಲ್ಲಿನ ಡಾಕ್ಟರಮ್ಮನ ಬಳಿಗೆ ಒಂದು ಹಲ್ಲು ತೋರಿಸಲು ಬಂದವರೊಬ್ಬರು ಕತ್ತಲಲ್ಲಿ ಮುಗ್ಗರಿಸಿ, ಎರಡು ಹಲ್ಲು ತೋರಿಸಿಕೊಂಡು ಹೋದರು.

ತುರ್ತುಸಭೆ ಸೇರಿದ್ದು ಆ ದವಾಖಾನೆಯಲ್ಲೇ, ರೋಗಿಗಳು ಕಾಯುವ ಕೋಣೆಯಲ್ಲಿ. ಗೋಡೆಯ ಮೇಲೆ ದೊಡ್ಡದೊಂದು ದವಡೆಯ ಚಿತ್ರ. ಅದರ ಕೆಳಗೆ ಕಾರ್ಯದರ್ಶಿಗಳು ಕೈಯಲ್ಲಿ ಉಳಿದ ಒಂದೇ ಒಂದು ಮೂರು ಪಿನ್ನಿನ ಬಲ್ಬನ್ನು ಹಿಡಿದು ನಿಂತಿದ್ದರು.

"ಹೊರಗಿನವರು ಬಂದಿಲ್ಲ. ಗೇಟಿಗೆ ಬೀಗ ಇರುತ್ತೆ. ಅಂದಮೇಲೆ ಕಳ್ಳ ಈ ಕೋಣೆಯಲ್ಲೇ ಕೂತಿದ್ದಾನೆ" ಎಂದು ಅವರು ಎಲ್ಲರ ಮುಖವನ್ನೂ ಸಾಲಾಗಿ ನೋಡಿದರು. ಎಲ್ಲರೂ ದವಡೆಯನ್ನು ನೋಡಿದರು.

ಆಗ ನಾನು ಎದ್ದೆ. "ಒಂದು ಪಾಯಿಂಟ್" ಎಂದೆ.

ನಾನು ಬಾಯಿ ತೆರೆದರೆ ಮೊದಲು ಬರುವ ಮಾತು ಅದೇ ಆದ್ದರಿಂದ ಕಟ್ಟಡದಲ್ಲಿ ನನ್ನನ್ನು ಪಾಯಿಂಟಪ್ಪ ಎಂದೇ ಕರೆಯುತ್ತಾರೆ, ಬೆನ್ನ ಹಿಂದೆ. ಹಾಗೆ ಎದ್ದು ನಿಲ್ಲುವುದಕ್ಕೆ ನನಗೆ ಕಾರಣವೂ ಇತ್ತು. ನಾನು ಬಾಡಿಗೆದಾರ. ಮನೆಯ ಅಗ್ರಿಮೆಂಟ್ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಬೇರೆ ಊರಿನಲ್ಲಿರುವ ಮನೆ ಮಾಲೀಕರು ಫೋನಿನಲ್ಲಿ, "ಕಾರ್ಯದರ್ಶಿಗಳು ನಿಮ್ಮ ಬಗ್ಗೆ ಒಳ್ಳೇ ಮಾತು ಹೇಳಿದ್ರೆ ಮುಂದುವರಿಯಿರಿ. ಇಲ್ಲಾಂದ್ರೆ ಬೀಗದಕೈ ಅವರ ಹತ್ರಾನೇ ಕೊಟ್ಟುಬಿಡಿ" ಎಂದಿದ್ದರು. ಮಗಳ ಶಾಲೆ ಎದುರಿಗೇ ಇದೆ; ಗಂಟೆ ಹೊಡೆದ ಮೇಲೆ ಅವಳು ಷೂ ಹುಡುಕಲು ಶುರುಮಾಡುತ್ತಾಳೆ. ಹೆಂಡತಿ ನರ್ಸ್, ಅವಳ ಆಸ್ಪತ್ರೆ ರಸ್ತೆಯ ತಿರುವಿನಲ್ಲಿದೆ. ನಮ್ಮ ಜೊತೆಗಿರುವ ಅತ್ತೆಗೆ ಮಂಡಿನೋವು, ಆದರೆ ಈ ಮೆಟ್ಟಿಲುಗಳಲ್ಲಿ ಯಾವುದು ಎತ್ತರ, ಯಾವುದು ತಗ್ಗು ಎಂದು ಅವರ ಮಂಡಿಗೆ ಬಾಯಿಪಾಠ. ಈ ಮನೆ ಬಿಟ್ಟರೆ ನಾವು ನಾಲ್ಕು ಜನ ನಾಲ್ಕು ದಿಕ್ಕಿಗೆ ಬಸ್ಸು ಹಿಡಿಯಬೇಕು. ಹೀಗಾಗಿ ಕಾರ್ಯದರ್ಶಿಗಳ ಕಣ್ಣಿಗೆ ಒಳ್ಳೆಯವನಾಗಿ ಬೀಳುವ ಅವಕಾಶವನ್ನು ನಾನು ಬಿಡುವ ಹಾಗಿರಲಿಲ್ಲ.

"ಈ ಬಲ್ಬು ಬೇರೆ ಹೋಲ್ಡರಿಗೆ ಕೂರಲ್ಲ. ಸರಿ ತಾನೆ? ಕೂರದೇ ಇರೋ ಬಲ್ಬನ್ನ ಯಾರಾದ್ರೂ ಯಾಕೆ ಕದೀತಾರೆ? ಕದಿಯಲ್ಲ. ಕದ್ದಿದ್ದಾರೆ ಅಂದ್ರೆ ಅದು ಕೂರೋ ಹೋಲ್ಡರು ಅವರ ಮನೇಲಿದೆ. ಆದ್ದರಿಂದ ಬಲ್ಬನ್ನ ಹುಡುಕಬೇಡಿ, ಹೋಲ್ಡರನ್ನ ಹುಡುಕಿ! ಈ ಬಲ್ಬು ತಗೊಂಡು ಮನೆಮನೆಗೂ ಹೋಗೋಣ. ಯಾರ ಮನೆಯ ದೀಪಕ್ಕೆ ಇದು ಕೂರುತ್ತೋ ಅವನೇ ಕಳ್ಳ. ಬೇರೆ ಸಾಕ್ಷಿ ಬೇಡ, ಕನಿಕರ ಬೇಡ!"

ಕನಿಕರ ಬೇಡ ಎನ್ನುವುದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಮಾತಿನ ಓಟದಲ್ಲಿ ತಾನಾಗಿ ಬಂತು. ಚಪ್ಪಾಳೆ ಬಿತ್ತು. ಎರಡನೇ ಮಹಡಿಯ ಮೇಷ್ಟ್ರು, "ಎಂಥಾ ತರ್ಕ!" ಎಂದು ತಲೆದೂಗಿದರು. ಕಾರ್ಯದರ್ಶಿಗಳು ನನ್ನ ಭುಜ ತಟ್ಟಿ, "ನೀವು ನಮ್ಮ ಇಲಾಖೆಗೆ ಬರಬೇಕಾಗಿತ್ತು ಸಾರ್" ಎಂದರು. ಆಗ ಅದು ಹೊಗಳಿಕೆಯ ಹಾಗೆ ಕೇಳಿಸಿತು. ಭಾನುವಾರ ಸಂಜೆ ಮನೆಮನೆ ತಪಾಸಣೆ ಎಂದು ತೀರ್ಮಾನವಾಯಿತು.

ಎದೆಯುಬ್ಬಿಸಿಕೊಂಡು ಮೆಟ್ಟಿಲು ಹತ್ತಿ ಮನೆಗೆ ಬಂದೆ. ಅತ್ತೆ ಮಾಮೂಲಿನಂತೆ ಮೂಲೆಯ ಕುರ್ಚಿಯಲ್ಲಿ, ಉರಿಯದ ದೀಪದ ಕೆಳಗೆ, ತೆರೆದ ಪುಸ್ತಕ ಹಿಡಿದು ಕೂತಿದ್ದರು. ಓದುತ್ತಿರಲಿಲ್ಲ. ನಾನು ಬಂದಾಗ ನೋಡಲಿ ಎಂದು ಹಿಡಿದಿದ್ದರು.

"ಅಳಿಯಂದ್ರೇ, ಬಲ್ಬು?" ಎಂದರು.

"ನಾಳೆ ಅತ್ತೆ."

"ಆಗಲಿ. ನನಗೇನು ಅವಸರ. ಕತೆ ಅರ್ಧಕ್ಕೆ ನಿಂತಿದೆ, ಅಷ್ಟೆ. ಆ ಹುಡುಗಿ ಬಾವಿಗೆ ಇಣುಕಿ ನೋಡ್ತಾ ಇದ್ದಾಳೆ. ಪಾಪ, ಶಾಲೆಗೆ ರಜ ಬಿಟ್ಟಾಗಿಂದ ಹಾಗೇ ಇಣುಕ್ತಾ ಇದ್ದಾಳೆ."

ಈ ದೀಪದ ಬಗ್ಗೆ ಹೇಳಬೇಕು. ಅದು ನನ್ನ ಮಾವನವರದು. ಅವರು ಒಂದು ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಗಿರಣಿ ಮುಚ್ಚಿದ ದಿನ, ಇಷ್ಟವಾದ ಒಂದು ವಸ್ತು ತೆಗೆದುಕೊಂಡು ಹೋಗಿ ಎಂದು ಮಾಲೀಕರು ಹೇಳಿದಾಗ ಬೇರೆಯವರು ಕುರ್ಚಿ, ಗಡಿಯಾರ ಅಂತ ಹೊತ್ತರೆ, ಇವರು ತಾವು ಕೆಲಸ ಮಾಡುತ್ತಿದ್ದ ಮೇಜಿನ ಪಕ್ಕದ ದೀಪವನ್ನು ಬಿಚ್ಚಿಕೊಂಡು ಬಂದರು. ಬೀಡುಕಬ್ಬಿಣದ ಕಾಲು, ಕೊಕ್ಕರೆಯ ಕತ್ತು, ತಲೆಗೆ ಹಸಿರು ಟೋಪಿ. ಇಬ್ಬರು ಹಿಡಿಯದೆ ಅಲುಗುವುದಿಲ್ಲ. ಅದರ ಹಳೆಯ ಕಾಲದ ಕೊನೆಯ ಬಲ್ಬು ಸುಟ್ಟುಹೋದಾಗ ಅತ್ತೆ ಅದನ್ನು ಭದ್ರವಾಗಿ ಎತ್ತಿಡದೆ ಕಸಕ್ಕೆ ಹಾಕಿಬಿಟ್ಟರು. "ಒಂದು ಒಳ್ಳೇ ಎಲ್‌ಇಡಿ ಹಾಕ್ತೀನಿ ಬಿಡಿ ಅತ್ತೆ, ಕರೆಂಟೂ ಉಳಿಯುತ್ತೆ" ಎಂದು ನಾನು ಮಾತು ಕೊಟ್ಟಿದ್ದೆ.

ಅಲ್ಲಿಂದ ನಾನು ತಂದ ಬಲ್ಬುಗಳು ಅಡುಗೆಮನೆಯ ಡ್ರಾಯರಿನಲ್ಲಿವೆ. ಮೊದಲು ತಂದದ್ದು ಮಾಮೂಲಿ ಪಿನ್ನಿನದು; ಬಾಯಿಗೆ ಸರಿಹೋಯಿತು, ಒಳಗೆ ಕೂರಲಿಲ್ಲ. ಬಲ್ಬು ಸರಿಯಿಲ್ಲ ಎಂದು ಇನ್ನೊಂದು ಕಂಪನಿಯದು ತಂದೆ. ಅದೂ ಕೂರಲಿಲ್ಲ. ಹಾಗಾದರೆ ಇದು ಸ್ಕ್ರೂ ಇರಬೇಕು ಎಂದು ದಪ್ಪ ಸ್ಕ್ರೂವಿನದು ತಂದೆ. ಬಾಯಿಯೊಳಗೆ ಹೋಗಲೇ ಇಲ್ಲ. ಸಣ್ಣ ಸ್ಕ್ರೂವಿನದು ಒಳಗೆ ಬಿದ್ದು ಗಲಗಲ ಅಂದಿತು. ಎರಡು ಕಡ್ಡಿ ಕಾಲಿನದು, ಕೋಲಿನಂಥದು, ಬಟ್ಟಲಿನಂಥದು ಎಲ್ಲ ಆದವು. ಹೋಲ್ಡರಿನ ಒಳಗೆ ಒಮ್ಮೆ ಇಣುಕಿ ನೋಡಬಹುದಿತ್ತು ಎಂದು ನೀವು ಅನ್ನಬಹುದು. ಎಲ್ಲರೂ ಅದನ್ನೇ ಅಂದರು, ಆಮೇಲೆ.

ಆ ಸಂಜೆ, ಸಭೆಯ ಚಪ್ಪಾಳೆ ಇನ್ನೂ ಕಿವಿಯಲ್ಲಿರುವಾಗ, ಇವತ್ತು ಇದನ್ನೂ ಬಗೆಹರಿಸಿಯೇಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಟಾರ್ಚು ತಂದು ಹಸಿರು ಟೋಪಿಯೊಳಗೆ ತಲೆ ಹಾಕಿದೆ. ಹೋಲ್ಡರಿನ ಅಂಚಿನಲ್ಲಿ ಪಿನ್ನು ಕೂರುವ ಸೀಳುಗಳಿದ್ದವು. ಎಣಿಸಿದೆ. ಬೆರಳು ಹಾಕಿ ತಡವಿ ಮತ್ತೆ ಎಣಿಸಿದೆ. ಪ್ಲಗ್ಗು ತೆಗೆದಿದ್ದರೂ ಷಾಕ್ ಹೊಡೆಯಿತು.

ಮೂರು.

ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ನಾನು ಇನ್ನೂ ಟೋಪಿಯೊಳಗೇ ಇದ್ದೆ. ವಿಷಯ ಹೇಳಿದೆ. ಅವಳು ಚೀಲ ಕೆಳಗಿಡುವುದನ್ನು ಮರೆತು ಕೇಳಿಸಿಕೊಂಡಳು.

"ಯಾರ ಮನೇಲಿ ಈ ಹೋಲ್ಡರು ಇರುತ್ತೋ ಅವನೇ ಕಳ್ಳ ಅಂತ ಹೇಳಿದ್ದು ಯಾರು?"

"ನಾನೇ."

"ಎಲ್ಲರ ಮುಂದೆ?"

"ಚಪ್ಪಾಳೆ ಹೊಡೆದ್ರು ಕಣೇ."

"ಬೇರೆ ಏನಾದ್ರೂ ಹೇಳಿದ್ರಾ?"

"ಕನಿಕರ ಬೇಡ ಅಂದೆ."

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. "ರೀ, ಒಂದು ಸಲ, ಒಂದೇ ಒಂದು ಸಲ ಸುಮ್ಮನೆ ಕೂತ್ಕೊಂಡು ಬರಬಹುದಿತ್ತಲ್ಲಾ" ಎಂದಳು.

ದೀಪವನ್ನು ಮಂಚದ ಕೆಳಗೆ ಬಚ್ಚಿಡೋಣ ಎಂದೆ. ಅತ್ತೆ ತಮ್ಮ ಕುರ್ಚಿಯನ್ನು ದೀಪದ ಕಾಲಿಗೆ ಇನ್ನೂ ಹತ್ತಿರ ಎಳೆದುಕೊಂಡರು. "ನನ್ನ ಯಜಮಾನರ ದೀಪ ಮಂಚದ ಕೆಳಗೆ ಯಾಕೆ ಹೋಗಬೇಕು? ಅವರೇನು ಕದ್ದು ತಂದ್ರಾ? ಬೇಕಾದ್ರೆ ನೀವು ಹೋಗಿ ಮಂಚದ ಕೆಳಗೆ."

"ಹೋಲ್ಡರಾದ್ರೂ ಬದಲಾಯಿಸ್ತೀನಿ ಅತ್ತೆ."

"ಅದು ಕತ್ತಿನ ಜೊತೆಗೇ ಎರಕ ಹೊಯ್ದಿರೋದು. ಕುಯ್ದರೆ ಕತ್ತು ಕುಯ್ದ ಹಾಗೆ."

ಉಳಿದದ್ದು ಒಂದೇ ದಾರಿ. ಮೂರು ಪಿನ್ನಿನ ಬಾಯಿಗೆ ಕೂತು, ಮಾಮೂಲಿ ಎರಡು ಪಿನ್ನಿನ ಬಲ್ಬನ್ನು ಹಿಡಿದುಕೊಳ್ಳುವ ಒಂದು ಬಿರಡೆ ಸಿಕ್ಕಿದರೆ, ಅದರಲ್ಲಿ ಒಂದು ಸಾಧಾರಣ ಎಲ್‌ಇಡಿ ಉರಿಸಿಬಿಟ್ಟರೆ, ತಪಾಸಣೆಗೆ ಬಂದವರಿಗೆ ಅದು ಸಾಧಾರಣ ದೀಪದಂತೆಯೇ ಕಾಣುತ್ತದೆ. ಮಾರನೆಯ ದಿನ ಆಫೀಸಿನಿಂದ ಬರುವಾಗ ತರಕಾರಿ ಕೊಂಡು, ಚೀಲ ನೇತುಹಾಕಿಕೊಂಡೇ ಮಾರ್ಕೆಟ್ಟಿನ ಹಿಂದಿನ ಹಳೆಯ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಸೂರಿನಿಂದ ವೈರುಗಳ ಸುರುಳಿ, ಗೋಡೆಯ ತುಂಬ ಸ್ವಿಚ್ಚು. ನಡುವೆ ಅಂಗಡಿಯವನು.

"ಮೂರು ಪಿನ್ನಿನದು..." ಎಂದು ಬಾಯಿ ತೆರೆದೆನೋ ಇಲ್ಲವೋ, ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನಿಧಾನವಾಗಿ ಕೆಳಗಿಟ್ಟ.

"ಮೂರು ಪಿನ್ನಿನದು ಏನು ಸಾರ್? ಬಲ್ಬಾ, ಹೋಲ್ಡರಾ?"

"ಎರಡೂ ಅಲ್ಲ. ನಡುವಿನದು."

"ಮನೆಗಳ ದೀಪಕ್ಕೆ ಮೂರು ಪಿನ್ನು ಇರೋದೇ ಇಲ್ವಲ್ಲ ಸಾರ್. ಯಾವ ಬಿಲ್ಡಿಂಗು ನಿಮ್ದು?" ಎಂದು ನಗುತ್ತಾ ಫೋನಿನ ಕಡೆಗೆ ಕೈಚಾಚಿದ. "ನಿನ್ನೆ ತಾನೇ ಒಬ್ಬರು ದೊಡ್ಡ ಮೀಸೆಯವರು ಬಂದಿದ್ರು, ಯಾವುದೋ ಸಂಘದ ಕಾರ್ಯದರ್ಶಿ ಅಂತೆ. ಮೂರು ಪಿನ್ನಿನ ಬಲ್ಬಿನ ಸಾಮಾನು ಕೇಳ್ಕೊಂಡು ಯಾರಾದ್ರೂ ಬಂದ್ರೆ ಹೆಸರು ಕೇಳಿಟ್ಕೊಳ್ಳಿ, ನನಗೆ ಫೋನ್ ಮಾಡಿ ಅಂದ್ರು. ತಮ್ಮ ಹೆಸರು?"

ಇಂಥ ಸಮಯದಲ್ಲಿ ಬುದ್ಧಿವಂತರು ಸತ್ಯ ಹೇಳುತ್ತಾರೆ. ಇನ್ನೂ ಬುದ್ಧಿವಂತರು ಓಡಿಹೋಗುತ್ತಾರೆ. ನಾನು, "ಆ ಕಾರ್ಯದರ್ಶಿ ನಾನೇ" ಎಂದೆ.

ಅಂಗಡಿಯವನು ನನ್ನ ಮೇಲ್ತುಟಿಯನ್ನು ನೋಡಿದ.

"ಬೆಳಿಗ್ಗೆ ತೆಗೆಸಿದೆ" ಎಂದೆ.

"ಎತ್ತರಾನೂ ತೆಗೆಸಿದ್ರಾ ಸಾರ್?"

ನಾನು ತರಕಾರಿ ಚೀಲವನ್ನು ಎದೆಗವಚಿಕೊಂಡು ಹೊರಬಿದ್ದೆ. ಓಡಲಿಲ್ಲ. ಓಡಿದರೆ ಅನುಮಾನ ಬರುತ್ತದೆಂದು ಬೇಗಬೇಗ ನಡೆದೆ. ನೋಡಿದವರು ಅದನ್ನು ಓಟ ಎಂದಿದ್ದರೆ ಅದು ಅವರ ಅಭಿಪ್ರಾಯ.

ಮನೆಯ ಮೆಟ್ಟಿಲು ಹತ್ತುವಾಗ ಕತ್ತಲಲ್ಲಿ ಎದುರಿಗೆ ಕಾರ್ಯದರ್ಶಿಗಳೇ ಸಿಕ್ಕಿದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಫೋನು. ಮೀಸೆ ಅದುರುತ್ತಿತ್ತು.

"ಪಾಯಿಂಟ್ ಸಾರ್, ವಿಷಯ ಕೇಳಿದ್ರಾ? ಕಳ್ಳ ನನ್ನ ಹೆಸರಲ್ಲೇ ಓಡಾಡ್ತಿದ್ದಾನೆ! ಅಂಗಡಿಗೆ ಹೋಗಿ ನಾನೇ ಕಾರ್ಯದರ್ಶಿ ಅಂದನಂತೆ. ಮೂವತ್ತು ವರ್ಷ ಜೈಲಲ್ಲಿದ್ದೆ ಸಾರ್, ಇಂಥಾ ಧೈರ್ಯ ನೋಡಿಲ್ಲ."

"ಚಹರೆ ಏನಾದ್ರೂ...?" ಎಂದೆ.

"ಕುಳ್ಳಗೆ. ಕನ್ನಡಕ. ಕೈಯಲ್ಲಿ ತರಕಾರಿ ಚೀಲ. ಪೆಚ್ಚು ಮುಖ." ಟಾರ್ಚಿನ ಬೆಳಕು ನನ್ನ ಕನ್ನಡಕದ ಮೇಲೆ ಬಿತ್ತು, ಚೀಲದ ಮೇಲೆ ಬಿತ್ತು, ಮತ್ತೆ ಮುಖದ ಮೇಲೆ ಬಂದು ನಿಂತಿತು. ನಾನು ಉಸಿರು ಹಿಡಿದೆ. ಅವರು ನಿಟ್ಟುಸಿರು ಬಿಟ್ಟರು. "ಇಷ್ಟರ ಮೇಲೆ ಹೇಗೆ ಹುಡುಕೋದು ಹೇಳಿ? ಇಂಥೋರು ಊರು ತುಂಬಾ ಇದ್ದಾರೆ. ನೀವೇ ದಾರಿ ಅಂದುಕೊಂಡಿದ್ದೀನಿ. ಭಾನುವಾರ ತಪಾಸಣೆಯ ಮುಂದಾಳು ನೀವೇ. ಬಲ್ಬು ನಿಮ್ಮ ಕೈಯಲ್ಲೇ ಇರಬೇಕು."

ಭಾನುವಾರ ಸಂಜೆ ಮೆರವಣಿಗೆ ಹೊರಟಿತು. ಮುಂದೆ ನಾನು, ಬಲ್ಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಹಿಂದೆ ಕಾರ್ಯದರ್ಶಿಗಳು, ಅವರ ಹಿಂದೆ ಡಾಕ್ಟರಮ್ಮ, ಮೇಷ್ಟ್ರು, ಹೊಸದಾಗಿ ಮದುವೆಯಾದ ಮೊದಲ ಮಹಡಿಯ ಗಂಡಹೆಂಡಿರು, ಮತ್ತು ಬೇರೆಯವರ ಮನೆಯ ಒಳಗನ್ನು ನೋಡುವ ಆಸೆಯಿದ್ದ ಉಳಿದವರೆಲ್ಲ.

ಪ್ರತಿ ಮನೆಯ ಪ್ರತಿ ಹೋಲ್ಡರಿಗೂ ಬಲ್ಬನ್ನು ಇಟ್ಟು ನೋಡಬೇಕಿತ್ತು. ಎಲ್ಲೂ ಕೂರಲಿಲ್ಲ. ಆದರೆ ಒಂದು ವಿಚಿತ್ರ ಹೊರಬಿತ್ತು. ಡಾಕ್ಟರಮ್ಮನ ದೊಡ್ಡ ದೀಪದ ಪುಟ್ಟ ಬಲ್ಬು ಸುಟ್ಟುಹೋಗಿ, ಅದಕ್ಕೆ ಹೊಂದುವ ಎಲ್‌ಇಡಿ ಸಿಗದೆ, ಅವರು ಹಣೆಗೆ ಟಾರ್ಚು ಕಟ್ಟಿಕೊಂಡು ಹಲ್ಲು ಕೀಳುತ್ತಿದ್ದರಂತೆ. "ಕೂರುತ್ತೆ ಅಂತ ತಂದದ್ದೆಲ್ಲ ಇಲ್ಲಿದೆ ನೋಡಿ" ಎಂದು ನಾಚಿಕೊಂಡು ಒಂದು ಡ್ರಾಯರು ಎಳೆದರು. ತುಂಬ ಬಲ್ಬು. ನವದಂಪತಿಗಳ ತೂಗುದೀಪಕ್ಕೆ ಸಣ್ಣ ಸ್ಕ್ರೂವಿನ ಬಲ್ಬು ಸಿಗದೆ ಅರ್ಧ ಮಾತ್ರ ಉರಿಯುತ್ತಿತ್ತು. ಅವರದ್ದೂ ಒಂದು ಡ್ರಾಯರು. ಗಂಡ ತಂದದ್ದನ್ನು ಹೆಂಡತಿಗೆ ಗೊತ್ತಾಗದಂತೆ, ಹೆಂಡತಿ ತಂದದ್ದನ್ನು ಗಂಡನಿಗೆ ಗೊತ್ತಾಗದಂತೆ ಅದರೊಳಗೇ ಅಡಗಿಸಿದ್ದರು. ಮೇಷ್ಟ್ರ ಮನೆಯಲ್ಲಿ ಡ್ರಾಯರು ಸಾಲದೆ ರಟ್ಟಿನ ಪೆಟ್ಟಿಗೆ.

"ಅಯ್ಯೋ, ಇದು ನಂದಕ್ಕೆ ಆಗುತ್ತೆ!" ಎಂದು ಡಾಕ್ಟರಮ್ಮ ಮೇಷ್ಟ್ರ ಪೆಟ್ಟಿಗೆಯಿಂದ ಒಂದನ್ನು ಎತ್ತಿದರು.

"ಹಾಗಾದ್ರೆ ನಿಮ್ಮ ಡ್ರಾಯರಿನ ಆ ಬಟ್ಟಲು ನನಗೆ ಕೊಡಿ" ಎಂದರು ಮೇಷ್ಟ್ರು.

ತಪಾಸಣೆ ಸಂತೆಯಾಯಿತು. ಮೆಟ್ಟಿಲ ಮೇಲೆ ಬಲ್ಬುಗಳು ಕೈ ಬದಲಾದವು. ಎಷ್ಟೋ ದಿನದಿಂದ ಕತ್ತಲಾಗಿದ್ದ ಮೂಲೆಗಳು ಮನೆಮನೆಯಲ್ಲೂ ಬೆಳಗಿದವು. ಕಳ್ಳನ ವಿಷಯ ಮರೆತೇಹೋಗುವ ಲಕ್ಷಣ ಕಂಡಿತು. ನಾನು ಆದಷ್ಟು ತಡಮಾಡಿದೆ. ಮೇಷ್ಟ್ರ ಫ್ರಿಜ್ಜಿನೊಳಗಿನ ದೀಪಕ್ಕೂ ಬಲ್ಬು ಹಿಡಿದು ನೋಡಿದೆ.

"ಇನ್ನು ಸಾಕಲ್ವಾ?" ಎಂದೆ. "ಕಟ್ಟಡದಲ್ಲಿ ಕಳ್ಳರಿಲ್ಲ ಅಂತ ಸಾಬೀತಾಯ್ತು."

"ನಿಮ್ಮ ಮನೆ ಉಳಿದಿದೆ" ಎಂದರು ಕಾರ್ಯದರ್ಶಿಗಳು. "ನಿಯಮ ಅಂದ್ರೆ ನಿಯಮ. ಸುಮ್ಮನೆ ಶಾಸ್ತ್ರಕ್ಕೆ."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಆಪರೇಷನ್ನಿಗೆ ಹೊರಟ ರೋಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ನಾನು ಅಡುಗೆಮನೆ, ಬಚ್ಚಲು, ಮಗಳ ಮೇಜು ಎಲ್ಲ ತೋರಿಸಿ, ದೀಪವನ್ನು ಬೆನ್ನಿನಿಂದ ಮರೆಮಾಡಿಕೊಂಡು ನಿಂತೆ.

"ಯಾರದು ಇಷ್ಟು ಜನ?" ಎಂದರು ನನ್ನ ಬೆನ್ನ ಹಿಂದಿನಿಂದ ಅತ್ತೆ. "ಬಲ್ಬು ತಂದ್ರಾ? ಕೊನೆಗೂ ತಂದ್ರಾ? ಕೊಡಿ ಇಲ್ಲಿ." ಎನ್ನುತ್ತಲೇ ಕೈಚಾಚಿ ನನ್ನ ಕೈಯಿಂದ ಬಲ್ಬು ಕಿತ್ತುಕೊಂಡು, ಟೋಪಿಯೊಳಗೆ ತೂರಿಸಿ, ಒತ್ತಿ, ತಿರುಗಿಸಿದರು.

ಟಕ್ ಎಂದಿತು.

ಆ ಸದ್ದು ಮೆಟ್ಟಿಲ ಕೊನೆಯವರೆಗೂ ಕೇಳಿಸಿರಬೇಕು. ಅತ್ತೆ ಸ್ವಿಚ್ಚು ಅದುಮಿದರು. ಮೂಲೆಯೆಲ್ಲ ಬೆಳ್ಳಗಾಯಿತು. ನನ್ನ ಮುಖವೂ.

"ಹಾ!" ಎಂದರು ಕಾರ್ಯದರ್ಶಿಗಳು. "ಕುಳ್ಳಗೆ! ಕನ್ನಡಕ! ಪೆಚ್ಚು ಮುಖ!"

"ಕನಿಕರ ಬೇಡ ಅಂದಿದ್ರು" ಎಂದು ಮೇಷ್ಟ್ರು ಮೆಲ್ಲನೆ ನೆನಪಿಸಿದರು.

"ಒಂದು ಪಾಯಿಂಟ್" ಎಂದೆ. ಮುಂದಿನದು ಬರಲಿಲ್ಲ.

ಕಾರ್ಯದರ್ಶಿಗಳು ಆಗಲೇ ಫೋನು ತೆಗೆದಿದ್ದರು. "ನಿಮ್ಮ ಮನೆ ಮಾಲೀಕರಿಗೆ ಈಗಲೇ ಹೇಳ್ತೀನಿ. ಬೀಗದಕೈ ತಯಾರು ಮಾಡಿ."

ಅಡುಗೆಮನೆಯ ಬಾಗಿಲಲ್ಲಿ ಮಗಳು ಒಂದು ಕಾಲಿಗೆ ಮಾತ್ರ ಷೂ ಹಾಕಿಕೊಂಡು ನಿಂತಿದ್ದಳು. ಹೆಂಡತಿ ಅವಳ ಭುಜ ಹಿಡಿದುಕೊಂಡಳು. ಅತ್ತೆ ಪುಸ್ತಕ ಬಿಡಿಸಿದವರು ತಲೆಯೆತ್ತಿದರು.

"ಏನಂತೆ?"

"ನಿಮ್ಮ ಅಳಿಯ ಮೆಟ್ಟಿಲ ಬಲ್ಬು ಕದೀತಿದ್ದಾರೆ ಅಮ್ಮ" ಎಂದರು ಕಾರ್ಯದರ್ಶಿಗಳು.

ಅತ್ತೆ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. "ಇವರಾ? ಬಲ್ಬಾ? ಅಯ್ಯೋ, ಕದ್ದಿದ್ರೆ ನಾನು ಇಷ್ಟು ದಿನ ಕತ್ತಲಲ್ಲಿ ಯಾಕೆ ಕೂತಿರ್ತಿದ್ದೆ? ಅಡುಗೆಮನೆ ಬಲ್ಬು ಹೋದ್ರೆ ನನ್ನ ಮಗಳು ಹತ್ತಿ ಹಾಕ್ತಾಳೆ. ಡಬ್ಬದ ಮುಚ್ಚಳ ತೆಗೆಯೋಕೆ ಮೊಮ್ಮಗಳನ್ನ ಕರೀತಾರೆ. ಹೋದ ವರ್ಷ ಬಲ್ಬು ಹಾಕ್ತೀನಿ ಅಂತ ಸ್ಟೂಲ್ ಹತ್ತಿದ್ರು. ಬಲ್ಬು ಅಲ್ಲೇ ಇತ್ತು, ಇವರೊಬ್ಬರೇ ಬಂದ್ರು ಕೆಳಗೆ. ಒಳ್ಳೇವರು ಪಾಪ, ಬೈಯ್ಯಲ್ಲ, ಹೊಡೆಯಲ್ಲ. ಆದ್ರೆ ಕಳ್ಳತನಕ್ಕೆ ಒಂದು ಕೈಚಳಕ ಬೇಡ್ವಾ?"

ಸಭೆ ನನ್ನ ಕೈಗಳನ್ನು ನೋಡಿತು. ನಾನು ಅವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮೊದಲು ಜೇಬಿನಲ್ಲಿಟ್ಟೆ, ಆಮೇಲೆ ಹೊರಗೆ ತೆಗೆದೆ.

"ಬಾಯಿಮಾತು ಬೇಡ" ಎಂದರು ಡಾಕ್ಟರಮ್ಮ. "ನಾನು ಅಲ್ಲಾಡಿಸಿ ನೋಡದೆ ಯಾವ ಹಲ್ಲೂ ಕೀಳಲ್ಲ. ಪರೀಕ್ಷೆ ಮಾಡೋಣ. ಬಲ್ಬನ್ನ ಮೆಟ್ಟಿಲ ಹೋಲ್ಡರಿಗೆ ಹಾಕಿ. ಇವರು ತೆಗೀಲಿ. ತೆಗೆದ್ರೆ ಕಳ್ಳ. ಬರದೇ ಇದ್ರೆ ಬಿಟ್ಟುಬಿಡೋಣ."

ಕಾರ್ಯದರ್ಶಿಗಳು ಒಪ್ಪಿದರು. ಬಲ್ಬನ್ನು ದೀಪದಿಂದ ಕಳಚಿ, ಎತ್ತರದ ಅವರೇ ಸ್ಟೂಲ್ ಹತ್ತಿ ನಮ್ಮ ಮಹಡಿಯ ಹೋಲ್ಡರಿಗೆ ಹಾಕಿದರು. ಎಲ್ಲರೂ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತರು. ನವದಂಪತಿಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಾನು ಸ್ಟೂಲ್ ಹತ್ತಿದೆ.

ಎಳೆದೆ. ಬರಲಿಲ್ಲ. "ಎಳೀತಾರೆ ನೋಡಿ" ಎಂದು ಅತ್ತೆ ಕೆಳಗಿನಿಂದ ವಿವರಣೆ ಕೊಟ್ಟರು. ಬಲಕ್ಕೆ ತಿರುಗಿಸಿದೆ, ಬರಲಿಲ್ಲ. ಬೆವರು ಕನ್ನಡಕದ ಮೇಲೆ ಇಳಿಯಿತು. "ಅಯ್ಯೋ ಪಾಪ" ಎಂದಿತು ಒಂದು ಹೆಣ್ಣುದನಿ. ಆ ಪಾಪ ಎಂಬ ಮಾತು ನನ್ನ ಬೆನ್ನಿಗೆ ಚುಚ್ಚಿತು. ಹಲ್ಲು ಕಚ್ಚಿ ಬಲ್ಬನ್ನು ಒಳಕ್ಕೆ ಒತ್ತಿದೆ. ಒತ್ತಿ, ಎಡಕ್ಕೆ ತಿರುಗಿಸಿದೆ.

ಬಲ್ಬು ಬೆಣ್ಣೆಯಂತೆ ಸಡಿಲವಾಯಿತು.

ಮೂರೂ ಪಿನ್ನುಗಳು ಸೀಳಿನಿಂದ ಹೊರಕ್ಕೆ ಜಾರಲು ತಯಾರಾಗಿ ನನ್ನ ಅಂಗೈಯಲ್ಲಿ ಕೂತವು. ಇನ್ನೊಂದು ಕೂದಲೆಳೆಯಷ್ಟು ಕೆಳಕ್ಕೆ ಎಳೆದರೆ, ನಾನು ಬಲ್ಬು ತೆಗೆಯಬಲ್ಲ ಗಂಡಸು ಎಂದು ಇಡೀ ಕಟ್ಟಡಕ್ಕೆ ತಿಳಿಯುತ್ತಿತ್ತು. ಅತ್ತೆಗೆ ತಿಳಿಯುತ್ತಿತ್ತು. ಕೆಳಗೆ ನೋಡಿದೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮಗಳು ಇನ್ನೊಂದು ಷೂವನ್ನು ಕೈಯಲ್ಲಿ ಹಿಡಿದಿದ್ದಳು.

ಒತ್ತಿ, ಬಲಕ್ಕೆ ತಿರುಗಿಸಿ, ಭದ್ರ ಮಾಡಿದೆ.

"ಬರ್ತಿಲ್ಲ" ಎಂದೆ.

ಹೋ ಎಂದು ಚಪ್ಪಾಳೆ ಬಿತ್ತು. ಸಭೆಯಲ್ಲಿ ನನ್ನ ಭಾಷಣಕ್ಕೆ ಬಿದ್ದದ್ದಕ್ಕಿಂತ ಜೋರಾಗಿಯೇ ಬಿತ್ತು. ಮೇಷ್ಟ್ರು ಬಂದು ಕೈ ಹಿಡಿದು ನನ್ನನ್ನು ಸ್ಟೂಲಿನಿಂದ ಇಳಿಸಿದರು, ಗಾಜಿನ ಸಾಮಾನು ಇಳಿಸುವ ಹಾಗೆ. ಕಾರ್ಯದರ್ಶಿಗಳು ಅಲ್ಲೇ ನಿಂತು ಮಾಲೀಕರಿಗೆ ಫೋನು ಮಾಡಿದರು.

"ನಿಮ್ಮ ಬಾಡಿಗೆದಾರರ ವಿಷಯ. ನಾನೇ ಖುದ್ದಾಗಿ ಪರೀಕ್ಷೆ ಮಾಡಿದ್ದೀನಿ. ತುಂಬಾ ಒಳ್ಳೇವರು. ಏನೂ ಕೈಲಾಗಲ್ಲ. ಹೌದು, ಏನೂ! ಇಂಥ ಬಾಡಿಗೆದಾರ ಸಿಗೋದು ಕಷ್ಟ, ಬಿಡಬೇಡಿ." ಆ ಕಡೆಯಿಂದ ಏನೋ ಕೇಳಿಬಂತು. "ಇನ್ನೂ ಮೂರು ವರ್ಷ ಇರಲಿ ಅಂತೆ!" ಎಂದು ಕೂಗಿದರು. ಮತ್ತೊಮ್ಮೆ ಚಪ್ಪಾಳೆ.

ಹಾಗಾದರೆ ಬಲ್ಬು ಕದ್ದವರು ಯಾರು, ಅಂಗಡಿಗೆ ಹೋಗಿ ನಾನೇ ಕಾರ್ಯದರ್ಶಿ ಎಂದವನು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕಳ್ಳನಲ್ಲದವನೊಬ್ಬ ಇಷ್ಟು ಖಚಿತವಾಗಿ ಸಿಕ್ಕಿದ ಸಂತೋಷದಲ್ಲಿ ಸಭೆ ಮುಗಿಯಿತು.

ಉಳಿದ ಒಂದೇ ಬಲ್ಬನ್ನು ಏನು ಮಾಡುವುದು ಎಂಬ ಮಾತು ಬಂದಾಗ ಅತ್ತೆ, "ಇಲ್ಲೇ ನೇತುಹಾಕಿದ್ರೆ ನಾಳೆ ಇರಲ್ಲ. ನನ್ನ ದೀಪದಲ್ಲಿರಲಿ. ನಾನು ಹೇಗೂ ಹಗಲೂ ರಾತ್ರಿ ಅದರ ಕೆಳಗೇ ಇರ್ತೀನಿ, ಬಾಗಿಲು ತೆರೆದಿಟ್ರೆ ಮೆಟ್ಟಿಲಿಗೂ ಬೆಳಕಾಯ್ತು" ಎಂದರು. ಇಡೀ ಕಟ್ಟಡದಲ್ಲಿ ಬಲ್ಬಿಗೆ ಅಷ್ಟು ಸುರಕ್ಷಿತವಾದ ಮನೆ ಬೇರೊಂದಿಲ್ಲ ಎಂದು ಕಾರ್ಯದರ್ಶಿಗಳೂ ಒಪ್ಪಿ, ಬಲ್ಬನ್ನು ತಾವೇ ಕಳಚಿ ತಂದು ದೀಪಕ್ಕೆ ಹಾಕಿ ಹೋದರು.

ಎಲ್ಲರೂ ಹೋದ ಮೇಲೆ ಹೆಂಡತಿಗೆ ಮೆಲ್ಲನೆ ಹೇಳಿದೆ. "ಬಲ್ಬು ಬಂದಿತ್ತು ಕಣೇ. ಕೈಗೆ ಬಂದಿತ್ತು. ನಾನೇ ಬೇಕಂತ ವಾಪಸ್ ಹಾಕ್ದೆ."

"ಹೂಂ ರೀ. ಗೊತ್ತು" ಎಂದಳು. ಮಗಳು ಚಿತ್ರ ಬರೆದು ತೋರಿಸಿದರೆ, ಇದು ಕುದುರೆಯೋ ಕುರ್ಚಿಯೋ ತಿಳಿಯದಾಗ ಅವಳು ಬಳಸುವ ದನಿ ಅದು.

"ಅಳಿಯಂದ್ರು ಬೇಜಾರು ಮಾಡ್ಕೋಬಾರ್ದು. ಎಲ್ಲರಿಗೂ ಎಲ್ಲಾ ಬರಲ್ಲ" ಎಂದರು ಅತ್ತೆ, ಪುಸ್ತಕದಿಂದ ಕಣ್ಣೆತ್ತದೆ.

ಇದು ಸಹಿಸುವ ಮಾತಾಗಿರಲಿಲ್ಲ. ನಾನು ನೆಟ್ಟಗೆ ಹೋಗಿ ಹಸಿರು ಟೋಪಿಯೊಳಗೆ ಕೈ ಹಾಕಿದೆ. ಒತ್ತಿದೆ, ತಿರುಗಿಸಿದೆ, ಎಳೆದೆ. ಒಂದೇ ಪಟ್ಟಿಗೆ ಬಲ್ಬು ನನ್ನ ಕೈಗೆ ಬಂತು. ಮನೆ ಕತ್ತಲಾಯಿತು, ತೆರೆದ ಬಾಗಿಲಾಚೆ ಮೆಟ್ಟಿಲೂ ಕತ್ತಲಾಯಿತು.

"ನೋಡಿದ್ರಾ!" ಎಂದೆ.

ಕೆಳಗಿನಿಂದ ಯಾರೋ ಮುಗ್ಗರಿಸಿದ ಸದ್ದು. ಹಿಂದೆಯೇ ಕಾರ್ಯದರ್ಶಿಗಳ ಗುಡುಗು: "ಯಾರದು? ಬಲ್ಬು ತೆಗೆದೋರು ಯಾರು?"

ಕತ್ತಲಲ್ಲಿ ಹೆಂಡತಿಯ ಕೈ ಬಂದು ನನ್ನ ಬಾಯಿ ಮುಚ್ಚಿತು.

"ನಾನು ಕಣಪ್ಪಾ!" ಎಂದು ಅತ್ತೆ ಗಟ್ಟಿಯಾಗಿ ಕೂಗಿದರು. "ಧೂಳು ಒರೆಸೋಕೆ ತೆಗೆದೆ. ಇವರಿಗೆಲ್ಲಿ ಬರುತ್ತೆ!"

"ಅದೂ ನಿಜ" ಎಂದಿತು ಕೆಳಗಿನ ದನಿ, ಸಮಾಧಾನವಾಗಿ. ಹೆಜ್ಜೆಗಳು ಇಳಿದುಹೋದವು.

ಅತ್ತೆ ನನ್ನ ಕೈಯಿಂದ ಬಲ್ಬು ತೆಗೆದುಕೊಂಡರು. ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, ಪ್ರೀತಿಯಿಂದಲೇ, ಆದರೆ ಆಸ್ಪತ್ರೆಯಲ್ಲಿ ಪಥ್ಯ ಹೇಳುವಾಗಿನ ಖಡಾಖಂಡಿತ ದನಿಯಲ್ಲಿ ಪಿಸುಗುಟ್ಟಿದಳು:

"ರೀ, ಕೇಳಿ. ಇನ್ನು ಮೂರು ವರ್ಷ ನಿಮಗೆ ಬಲ್ಬು ತೆಗೆಯೋಕೆ ಬರಲ್ಲ."